ಟರ್ಬೊ ಪೆಟ್ರೋಲ್ ಎಂಜಿನ್: ಸಿಲಿಂಡರ್ ಹೆಡ್ ಮತ್ತು ಕಂಪ್ರೆಷನ್ ಅನುಪಾತದ ಲೆಕ್ಕಾಚಾರ

ಟರ್ಬೊಚಾರ್ಜರ್ ಎಂದೊಡನೆ ವ್ಯಾಪಾರಿಗಳಿಗೆ ಮೊದಲು ನೆನಪಾಗುವುದು ಡೀಸೆಲ್ ಲಾರಿ. ಆದರೆ ಈಚಿನ ವರ್ಷಗಳಲ್ಲಿ ಪೆಟ್ರೋಲ್ ಕಾರುಗಳಲ್ಲಿಯೂ ಈ ಸಾಧನ ಸಾಮಾನ್ಯವಾಗಿದೆ. ಇದರೊಂದಿಗೆ ಹೆಡ್, ಗ್ಯಾಸ್ಕೆಟ್, ಪಿಸ್ಟನ್, ವಾಲ್ವ್‌ಗಳ ವ್ಯಾಪಾರವೂ ಅವುಗಳ ಮೆಷಿನಿಂಗ್ ಕೆಲಸವೂ ಸಣ್ಣ ಘಟಕಗಳ ಬಾಗಿಲಿಗೆ ಬರುತ್ತಿವೆ. ಇಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಎಂಜಿನ್ನಿನ ಆಯುಸ್ಸನ್ನು ನಿರ್ಧರಿಸಬಲ್ಲದು. ಹಾನಿಯಾದಾಗ ಹೊಣೆ ಕೆಲಸ ಮಾಡಿಕೊಟ್ಟ ಘಟಕದ ಮೇಲೆ ಬೀಳುವ ಸಂಭವವೂ ಉಂಟು. ಆದುದರಿಂದ ಈ ವಿಷಯದ ಮೂಲತತ್ವವನ್ನು ಅರಿತಿರುವುದು ಅಗತ್ಯ.

ಅನುಪಾತ ಎಂದರೇನು?

ನಾಲ್ಕು ಸಿಲಿಂಡರ್‌ಗಳ 2,000 ಸಿ.ಸಿ. ಎಂಜಿನ್ನಿನಲ್ಲಿ ಪ್ರತಿ ಪಿಸ್ಟನ್ ಚಲಿಸುವ ಅವಕಾಶ 500 ಸಿ.ಸಿ. ಪಿಸ್ಟನ್ ಮೇಲಿನ ತುದಿಗೆ ಬಂದಾಗ ಅದರ ಮೇಲೆ ಉಳಿಯುವ ಸ್ಥಳ 62.5 ಸಿ.ಸಿ. ಆಗಿದ್ದರೆ, ಒಟ್ಟು 562.5 ಸಿ.ಸಿ. ಮಿಶ್ರಣವು 62.5 ಸಿ.ಸಿ.ಗೆ ಕುಗ್ಗುತ್ತದೆ. ಅಂದರೆ ಕಂಪ್ರೆಷನ್ ಅನುಪಾತ 9:1. ಈ ಉಳಿದ ಸ್ಥಳವನ್ನು ಹೆಡ್‌ನಲ್ಲಿರುವ ದಹನ ಕೋಷ್ಠ, ಗ್ಯಾಸ್ಕೆಟ್ಟಿನ ದಪ್ಪ ಮತ್ತು ಪಿಸ್ಟನ್ ತಲೆಯ ಆಕಾರ ಸೇರಿ ನಿರ್ಧರಿಸುತ್ತವೆ.

ಲಾಭ ನಷ್ಟದ ಲೆಕ್ಕ

ಅನುಪಾತ ಹೆಚ್ಚಿದಷ್ಟೂ ಇಂಧನದಿಂದ ದೊರೆಯುವ ಕೆಲಸ ಹೆಚ್ಚು. ಆದರ್ಶ ಎಂಜಿನ್ನಿನ ಸೂತ್ರದಂತೆ ದಕ್ಷತೆಯು 8:1ರಲ್ಲಿ ಶೇ. 56.5, 9:1ರಲ್ಲಿ ಶೇ. 58.5. ವಾಸ್ತವ ಎಂಜಿನ್ನಿನ ದಕ್ಷತೆ ಇದಕ್ಕಿಂತ ಬಹಳ ಕಡಿಮೆಯಾದರೂ, ಒಂದು ಅಂಕ ಇಳಿಸಿದಾಗ ಆಗುವ ನಷ್ಟ ಸುಮಾರು ಮೂರು ನಾಲ್ಕು ಶೇಕಡಾ ಎಂಬ ಅಂದಾಜು ಇದರಿಂದ ದೊರೆಯುತ್ತದೆ.

ಇನ್ನು ಟರ್ಬೊ ಕಡೆಯ ಲೆಕ್ಕ. ವಾತಾವರಣದ ಒತ್ತಡಕ್ಕಿಂತ 0.7 ಬಾರ್ ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ತುಂಬಿದರೆ, 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಸುಮಾರು 100 ಡಿಗ್ರಿಗೆ ಬಿಸಿಯಾಗುತ್ತದೆ. ಆಗ ಸಿಲಿಂಡರಿಗೆ ಹೋಗುವ ಗಾಳಿ ತೂಕದಲ್ಲಿ ಹೆಚ್ಚುವುದು ಶೇ. 38ರಷ್ಟು. ಇಂಟರ್‌ಕೂಲರ್ ಅಳವಡಿಸಿ ಅದನ್ನು 50 ಡಿಗ್ರಿಗೆ ಇಳಿಸಿದರೆ ಹೆಚ್ಚಳ ಶೇ. 60ರ ಸಮೀಪಕ್ಕೆ ಏರುತ್ತದೆ. ನಾಲ್ಕು ಶೇಕಡಾ ಬಿಟ್ಟುಕೊಟ್ಟು ಐವತ್ತು ಶೇಕಡಾ ಗಳಿಸುವ ಈ ವ್ಯವಹಾರ ಲಾಭದಾಯಕವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಎರಡನ್ನೂ ಒಟ್ಟಿಗೆ ಏರಿಸಲು ನಾಕಿಂಗ್ ಅಡ್ಡಿಯಾಗುತ್ತದೆ. ಒತ್ತಡ ಮತ್ತು ಶಾಖ ಮಿತಿ ಮೀರಿದಾಗ, ಸ್ಪಾರ್ಕ್ ಪ್ಲಗ್ಗಿನ ಜ್ವಾಲೆ ತಲುಪುವ ಮುನ್ನವೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡು ಬಡಿಯುತ್ತದೆ. ಪಿಸ್ಟನ್ ಸೀಳುವುದು, ಗ್ಯಾಸ್ಕೆಟ್ ಸುಡುವುದು ಇದರ ಫಲ. ಅನುಪಾತವು ಸ್ವಂತ ಬಂಡವಾಳವಾದರೆ ಟರ್ಬೊ ಒತ್ತಡವು ಸಾಲವಿದ್ದಂತೆ. ಇಂಧನದ ಆಕ್ಟೇನ್ ಸಂಖ್ಯೆ ಆ ಸಾಲದ ಮಿತಿ. ಮಿತಿಯನ್ನು ಮೊದಲು ತಿಳಿದು, ನಂತರ ಟರ್ಬೊ ಒತ್ತಡವನ್ನು ಗೊತ್ತುಪಡಿಸಿ, ಕೊನೆಯಲ್ಲಿ ಅನುಪಾತವನ್ನು ನಿರ್ಧರಿಸುವುದು ಸರಿಯಾದ ಕ್ರಮ.

ಇತಿಹಾಸದ ಎರಡು ನಿದರ್ಶನಗಳು

ಅಮೆರಿಕದ ಓಲ್ಡ್ಸ್‌ಮೊಬೈಲ್ ಸಂಸ್ಥೆಯು 1962ರಲ್ಲಿ ಹೊರತಂದ ಜೆಟ್‌ಫೈರ್ ಕಾರಿನಲ್ಲಿ ಅನುಪಾತವನ್ನು 10.25:1ರಲ್ಲಿಯೇ ಉಳಿಸಿಕೊಂಡು ಟರ್ಬೊ ಜೋಡಿಸಲಾಯಿತು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಸಿಂಪಡಿಸುವ ವ್ಯವಸ್ಥೆಯಿತ್ತು. ಆದರೆ ಆ ದ್ರವವನ್ನು ತುಂಬಿಸುವ ಶಿಸ್ತು ಅನೇಕ ಮಾಲೀಕರಲ್ಲಿ ಇರಲಿಲ್ಲ. ದೂರುಗಳು ಹೆಚ್ಚಿ, ಎರಡು ವರ್ಷಗಳಲ್ಲಿ ಮಾದರಿಯೇ ನಿಂತಿತು. ಅನೇಕ ಕಾರುಗಳಿಂದ ಟರ್ಬೊವನ್ನೇ ಕಳಚಬೇಕಾಯಿತು.

ಸ್ವೀಡನ್ನಿನ ಸಾಬ್ ಸಂಸ್ಥೆ ಹಂತಹಂತವಾಗಿ ಸಾಗಿತು. 1977ರಲ್ಲಿ ಪ್ರದರ್ಶಿಸಿದ 99 ಟರ್ಬೊ ಕಾರಿನ 2 ಲೀಟರ್ ಎಂಜಿನ್ನಿನಲ್ಲಿ ಅನುಪಾತ ಕೇವಲ 7.2:1; ಶಕ್ತಿ 145 ಅಶ್ವಶಕ್ತಿ. 1980ರ ದಶಕದ ಆರಂಭದಲ್ಲಿ, ನಾಕಿಂಗ್ ಅನ್ನು ಸಂವೇದಕದಿಂದ ಗುರುತಿಸಿ ಟರ್ಬೊ ಒತ್ತಡವನ್ನು ತಾನೇ ತಗ್ಗಿಸುವ ವ್ಯವಸ್ಥೆ ಬಂದ ಮೇಲೆ ಅನುಪಾತ 8.5:1ಕ್ಕೆ ಏರಿತು. ಬಳಿಕ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್‌ಗಳ ಹೊಸ ಹೆಡ್ ಮತ್ತು ಇಂಟರ್‌ಕೂಲರ್ ಬಂದವು. ಅನುಪಾತ 9:1, ಶಕ್ತಿ 175 ಅಶ್ವಶಕ್ತಿಯಾಯಿತು. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಇಂದಿನ ಟರ್ಬೊ ಎಂಜಿನ್ನುಗಳಲ್ಲಿ 10:1ರ ಆಸುಪಾಸು ಸಾಧ್ಯವಾಗಿರುವುದೂ ಇದೇ ಹಾದಿಯ ಮುಂದುವರಿಕೆ.

ಹೆಡ್‌ನ ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಮೊದಲನೆಯದು ದಹನ ಕೋಷ್ಠದ ಆಕಾರ. ಕೋಷ್ಠ ಅಡಕವಾಗಿದ್ದು, ಪ್ಲಗ್ ನಡುಮಧ್ಯದಲ್ಲಿದ್ದರೆ ಜ್ವಾಲೆ ಎಲ್ಲ ಕಡೆಗೂ ಬೇಗ ತಲುಪಿ ನಾಕಿಂಗ್‌ಗೆ ಅವಕಾಶ ಕಡಿಮೆಯಾಗುತ್ತದೆ. ನಾಲ್ಕು ವಾಲ್ವ್‌ಗಳ ಹೆಡ್‌ನ ನಿಜವಾದ ಪ್ರಯೋಜನಗಳಲ್ಲಿ ಇದೂ ಒಂದು.

ಎರಡನೆಯದು ಲೋಹ. ಅಲ್ಯೂಮಿನಿಯಂ ಮಿಶ್ರಲೋಹವು ಎರಕದ ಕಬ್ಬಿಣಕ್ಕಿಂತ ಬೇಗ ಶಾಖವನ್ನು ನೀರಿಗೆ ದಾಟಿಸುತ್ತದೆ. ಆದರೆ ಅತಿಯಾಗಿ ಬಿಸಿಯಾದರೆ ಬಾಗುವ ಗುಣವೂ ಅದಕ್ಕುಂಟು.

ಮೂರನೆಯದು ಗಾಳಿಯ ದಾರಿ. ದಿನನಿತ್ಯ ರಸ್ತೆಯಲ್ಲಿ ಓಡುವ ವಾಹನಕ್ಕೆ ರೇಸ್ ಕಾರಿನಂತಹ ಅಗಲವಾದ ಪೋರ್ಟುಗಳು ಬೇಡ. ಕಡಿಮೆ ವೇಗದಲ್ಲಿ ಗಾಳಿಯ ಹರಿವು ಮಂದವಾಗಿ ಎಳೆತ ಕುಗ್ಗುತ್ತದೆ. ಖರ್ಚು ಮಾಡುವುದಾದರೆ ಎಕ್ಸಾಸ್ಟ್ ವಾಲ್ವ್ ಮತ್ತು ಅದರ ಸೀಟುಗಳ ಗುಣಮಟ್ಟಕ್ಕೆ, ಹೆಡ್ ಬೋಲ್ಟುಗಳಿಗೆ ಹಾಗೂ ಬಹುಪದರ ಉಕ್ಕಿನ ಗ್ಯಾಸ್ಕೆಟ್ಟಿಗೆ ಮಾಡುವುದು ಲೇಸು.

ಫೇಸಿಂಗ್ ಕೆಲಸದ ಅಪಾಯ

ಬಾಗಿದ ಹೆಡ್ ಫೇಸಿಂಗ್‌ಗೆ ಬರುವುದು ಸಾಮಾನ್ಯ. ಮೇಲಿನ ಉದಾಹರಣೆಯಲ್ಲಿ ಕೋಷ್ಠದ ಬಾಯಿಯ ವಿಸ್ತೀರ್ಣ 45 ಚದರ ಸೆಂ.ಮೀ. ಇದ್ದು, ಹೆಡ್‌ನಿಂದ 0.5 ಮಿ.ಮೀ. ತೆಗೆದರೆ ಸುಮಾರು 2.25 ಸಿ.ಸಿ. ಸ್ಥಳ ಇಲ್ಲವಾಗಿ ಅನುಪಾತ 9.3:1ಕ್ಕೆ ಏರುತ್ತದೆ. ಟರ್ಬೊ ಇಲ್ಲದ ಎಂಜಿನ್ ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳಬಹುದು; ಮಿತಿಯ ಅಂಚಿನಲ್ಲಿ ಓಡುವ ಟರ್ಬೊ ಎಂಜಿನ್ ತಾಳಲಾರದು. ದಪ್ಪ ಗ್ಯಾಸ್ಕೆಟ್ ಹಾಕಿ ಸರಿದೂಗಿಸುವ ರೂಢಿಯೂ ಸಂಪೂರ್ಣ ಸುರಕ್ಷಿತವಲ್ಲ. ಪಿಸ್ಟನ್ ಮತ್ತು ಹೆಡ್‌ನ ಅಂಚುಗಳ ನಡುವಿನ ಅಂತರ ಹಿಗ್ಗಿ, ಮಿಶ್ರಣವನ್ನು ಕಲಕುವ ಕ್ರಿಯೆ ಕುಂದುತ್ತದೆ. ನಾಕಿಂಗ್ ಮತ್ತೆ ತಲೆದೋರಬಹುದು. ಅನುಪಾತ ಇಳಿಸಲು ತಲೆಯಲ್ಲಿ ತಗ್ಗು ಇರುವ ಪಿಸ್ಟನ್ ಉತ್ತಮ ಮಾರ್ಗ.

ಘಟಕಗಳು ಪಾಲಿಸಬೇಕಾದ ಕ್ರಮ

ಕೆಲಸದ ಚೀಟಿಯಲ್ಲಿ ನಾಲ್ಕು ವಿವರಗಳು ಇರಲೇಬೇಕು: ಬಳಸುವ ಇಂಧನ, ಗರಿಷ್ಠ ಟರ್ಬೊ ಒತ್ತಡ, ಬ್ಯೂರೆಟ್‌ನಿಂದ ಅಳೆದ ಪ್ರತಿ ಕೋಷ್ಠದ ಗಾತ್ರ ಮತ್ತು ಗ್ಯಾಸ್ಕೆಟ್ಟಿನ ದಪ್ಪ. ಕೋಷ್ಠಗಳ ಗಾತ್ರ ಒಂದೇ ಸಮನಿರಬೇಕು. ಅತಿ ಚಿಕ್ಕ ಕೋಷ್ಠದ ಸಿಲಿಂಡರೇ ಮೊದಲು ಕೆಡುತ್ತದೆ. 2020ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಬಿ.ಎಸ್.-6 ಮಾನದಂಡವು ಸಾಮಾನ್ಯ ಪೆಟ್ರೋಲಿಗೆ ವಿಧಿಸಿದ ಕನಿಷ್ಠ ಆಕ್ಟೇನ್ 91. ಗ್ರಾಹಕರು ದುಬಾರಿ ಇಂಧನವನ್ನೇ ಸದಾ ತುಂಬಿಸುವರೆಂಬ ನಂಬಿಕೆಯ ಮೇಲೆ ಅನುಪಾತ ನಿಗದಿಪಡಿಸುವುದು ಜೆಟ್‌ಫೈರ್‌ನ ತಪ್ಪನ್ನು ಮರುಕಳಿಸಿದಂತೆ.

ಕಾನೂನಿನ ಅಂಶವನ್ನೂ ಮರೆಯಲಾಗದು. ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ನೋಂದಾಯಿತ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ; ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಹಾಗಾಗಿ ಟರ್ಬೊ ಇಲ್ಲದ ಕಾರಿಗೆ ಹೊಸದಾಗಿ ಟರ್ಬೊ ಕೂರಿಸುವ ಬೇಡಿಕೆಯನ್ನು ಒಪ್ಪಿಕೊಳ್ಳುವ ಮುನ್ನ ಸಾರಿಗೆ ಕಚೇರಿಯ ಅನುಮತಿಯ ಬಗ್ಗೆ ವಿಚಾರಿಸುವುದು ವಿವೇಕ. ಕಂಪನಿಯಿಂದಲೇ ಟರ್ಬೊ ಸಹಿತ ಬಂದ ಎಂಜಿನ್ನುಗಳ ದುರಸ್ತಿಯೇ ಸಣ್ಣ ಘಟಕಗಳಿಗೆ ಸ್ಥಿರವಾದ ಆದಾಯ ತರಬಲ್ಲ ಕ್ಷೇತ್ರ. ಅಲ್ಲಿ ಮೂಲ ಅನುಪಾತವನ್ನು ಅಳೆದು ಉಳಿಸಿಕೊಟ್ಟ ಘಟಕಕ್ಕೇ ಗ್ರಾಹಕರು ಮರಳಿ ಬರುತ್ತಾರೆ.