ಮುಳುಗಡೆಯ ನಾಡಿನಲ್ಲಿ ದುಡಿಮೆಯ ಸ್ಥಳಾಂತರ

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇರಿಸಿದ ಯೋಜನೆಯ ಹಿನ್ನೀರು, ಚಿಕ್ಕಸಂಗಮದಲ್ಲಿ ಆ ನದಿಯನ್ನು ಕೂಡಿಕೊಳ್ಳುವ ಘಟಪ್ರಭೆಯ ಪಾತ್ರದೊಳಕ್ಕೂ ಹಬ್ಬಿ, ಅದರ ದಂಡೆಯಲ್ಲಿ ಬೆಳೆದಿದ್ದ ಬಾಗಲಕೋಟೆ ಪಟ್ಟಣದ ದೊಡ್ಡ ಭಾಗವನ್ನು ಮುಳುಗಡೆಗೆ ಒಳಪಡಿಸಿತು. ಊರನ್ನು ಎತ್ತರದ ನೆಲಕ್ಕೆ ಒಯ್ಯಲು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಜನರ ಬಾಯಲ್ಲಿ ಬಿಟಿಡಿಎ, ರಚನೆಯಾಯಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ನಗರ ವಿನ್ಯಾಸವನ್ನು ಆಧರಿಸಿ ನವನಗರ ಸೆಕ್ಟರುಗಳಾಗಿ ಮೈದಳೆಯಿತು. ಜಲಾಶಯದಲ್ಲಿ ಸಮುದ್ರಮಟ್ಟದಿಂದ 519.6 ಮೀಟರಿನವರೆಗೆ ನೀರು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯ 2000ರಲ್ಲಿ ಸಮ್ಮತಿಸಿತು.

ಮನೆಗೆ ಬದಲಾಗಿ ನಿವೇಶನ ದೊರೆತರೂ ದುಡಿಮೆಗೆ ಬದಲಾಗಿ ಏನು ದೊರೆಯಬೇಕೆಂಬುದು ಬಹುಕಾಲ ಅಸ್ಪಷ್ಟವಾಗಿಯೇ ಉಳಿಯಿತು. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯು ವ್ಯವಹಾರದ ಸ್ಥಳ ಬದಲಿಸುವ ವೆಚ್ಚವನ್ನು ಪರಿಗಣಿಸಿತ್ತಾದರೂ, ಪರಿಹಾರ ಕೇಳುವ ಅಧಿಕಾರ ಆಸ್ತಿಯಲ್ಲಿ ಹಕ್ಕುಳ್ಳವರದಾಗಿತ್ತೇ ಹೊರತು ಅದೇ ಛಾವಣಿಯಡಿ ಕೂಲಿಗೆ ದುಡಿಯುತ್ತಿದ್ದವರದಾಗಿರಲಿಲ್ಲ.

ಈ ಕೊರತೆ ಎಷ್ಟು ಆಳವಾದುದೆಂಬುದನ್ನು ಬಾಗಲಕೋಟೆ ಜಿಲ್ಲೆಯ ಕುಣಿಮಗ್ಗವೇ ತೋರಿಸುತ್ತದೆ. ಇಳಕಲ್ಲಿನ ಸೀರೆಯನ್ನೂ ಗುಳೇದಗುಡ್ಡದ ಖಣವೆಂಬ ಕುಪ್ಪಸದ ಬಟ್ಟೆಯನ್ನೂ ನೇಯುವ ಈ ಮಗ್ಗವನ್ನು ಮನೆಯ ನೆಲದಲ್ಲಿ ತೋಡಿದ ಕುಣಿಯ ಮೇಲೆ ಹೂಡಲಾಗುತ್ತದೆ. ನೇಕಾರ ಕುಣಿಯ ಅಂಚಿನಲ್ಲಿ ಕುಳಿತು ಒಳಗಿನ ತುಳಿಮಣೆಗಳನ್ನು ಕಾಲಿನಿಂದ ಆಡಿಸುತ್ತಾನೆ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸುವುದು ಇಳಕಲ್ ಸೀರೆಯ ವಿಶೇಷವಾಗಿದ್ದು, ಬಣ್ಣ ಹಾಕುವವರು, ನೂಲು ಸುತ್ತುವವರು, ಹಾಸು ಹೂಡುವವರು ಹತ್ತಿರದಲ್ಲೇ ಇದ್ದರೆ ಮಾತ್ರ ಈ ಕೆಲಸ ಸಾಗುತ್ತದೆ. ಆದುದರಿಂದ ಇಂಥ ಕಸುಬಿನ ಸ್ಥಳಾಂತರವೆಂದರೆ ಮರದ ಚೌಕಟ್ಟನ್ನು ಸಾಗಿಸುವುದಲ್ಲ, ಒಂದು ಓಣಿಯ ಪರಸ್ಪರಾವಲಂಬನೆಯನ್ನೇ ಹೊಸದಾಗಿ ಕಟ್ಟುವುದು.

ಬೃಹತ್ ಕಾರ್ಖಾನೆಯ ಕಷ್ಟ ಬೇರೆ ಬಗೆಯದು. ಬಾಗಲಕೋಟೆ, ಲೋಕಾಪುರ, ಮುದ್ದಾಪುರಗಳ ಸುತ್ತ ಸಿಮೆಂಟ್ ಉದ್ಯಮ ಬೇರೂರಲು ಕಾರಣ ಕಲಾದಗಿ ಶಿಲಾಸಮೂಹದ ಸುಣ್ಣಕಲ್ಲು. ಅದನ್ನು ಜೇಡಿಮಣ್ಣಿನಂಥ ವಸ್ತುಗಳೊಡನೆ ಪುಡಿಮಾಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ದೊರೆಯುವ ಗಟ್ಟಿಗಳಿಗೆ ಕ್ಲಿಂಕರ್ ಎಂದು ಹೆಸರು. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕಾಗುವುದರಿಂದ ಕಾರ್ಖಾನೆ ಗಣಿಯನ್ನು ಬಿಟ್ಟು ಬಹುದೂರ ಹೋಗಲಾರದು. ಜನವಸತಿಯ ಪಕ್ಕದಿಂದ ಅದನ್ನು ತೆಗೆದರೂ ಅದೇ ಶಿಲಾಪಟ್ಟಿಯ ಇನ್ನೊಂದು ಹಳ್ಳಿಯ ಹೊಲ, ಬಾವಿ, ರಸ್ತೆಗಳ ನಡುವೆಯೇ ನೆಲೆ ಹುಡುಕಬೇಕಾಗುತ್ತದೆ. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕಗಳಿಗೂ, ಅವು ಹೊರಬಿಡುವ ಕಲ್ಲುಹುಡಿಯ ರಾಡಿಗೂ ಇದೇ ವಿಚಾರ ಅನ್ವಯಿಸುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯವೂ ಅದರಾಚೆಯ 200 ಮೀಟರ್ ನಿಯಂತ್ರಿತ ವಲಯವೂ ಇದ್ದರೂ, ಗಣಿಸ್ಫೋಟದ ಕಂಪನ ಮತ್ತು ದೂಳು ಆ ಗೆರೆಗೆ ಬಂದು ನಿಲ್ಲುವುದಿಲ್ಲ.

ಸ್ಥಳಾಂತರದ ಹೊರೆ ದುಡಿಯುವವರ ಮೇಲೂ ಹೊಸ ಜಾಗದ ಮೇಲೂ ಬೀಳುತ್ತದೆಂಬ ಅರಿವು ಕಾನೂನಿನೊಳಗೆ ನಿಧಾನವಾಗಿ ಬಂದಿತು. ಪರಿಸರದ ಮೇಲಿನ ಪರಿಣಾಮವನ್ನು ಮೊದಲೇ ಅಳೆಯುವಂತೆ ವಿಧಿಸುವ 2006ರ ಅಧಿಸೂಚನೆಯ ಪ್ರಕಾರ, ಹೊಸ ಜಾಗದಲ್ಲಿ ಎದ್ದೇಳುವ ಸಿಮೆಂಟ್ ಕಾರ್ಖಾನೆಗೆ ಹೊಸದಾಗಿ ಅನುಮತಿ ಬೇಕು, ಕರಡು ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು, ಕನಿಷ್ಠ 30 ದಿನ ಮುಂಚಿತವಾಗಿ ತಿಳಿಸಿ ಸಾರ್ವಜನಿಕ ಅಹವಾಲು ಆಲಿಸಬೇಕು. 2013ರ ಭೂಸ್ವಾಧೀನ ಕಾಯ್ದೆಯು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಸ್ವಂತ ನೆಲವಿಲ್ಲದಿದ್ದರೂ ಸ್ವಾಧೀನಕ್ಕೆ ಮೂರು ವರ್ಷ ಮೊದಲಿನಿಂದ ಆ ಪ್ರದೇಶದಲ್ಲಿ ದುಡಿಯುತ್ತಿದ್ದು ಜೀವನೋಪಾಯ ಕಳೆದುಕೊಳ್ಳುವ ಕೂಲಿಕಾರ ಮತ್ತು ಕುಶಲಕರ್ಮಿ ಕುಟುಂಬಗಳನ್ನೂ ಬಾಧಿತ ಕುಟುಂಬಗಳೆಂದು ಗುರುತಿಸಿತು.

ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿರುವುದರಿಂದ ಈ ಕಾನೂನುಗಳ ನಿಜವಾದ ಪರೀಕ್ಷೆ ಇನ್ನು ಮುಂದಿದೆ. ಮುಳುಗುವ ಮನೆಗಳ ಗೋಡೆಗಳನ್ನು ಅಳೆಯುವ ದಿನವೇ ಮಗ್ಗಗಳನ್ನೂ ಕೂಲಿಯವರ ದುಡಿಮೆಯ ವರ್ಷಗಳನ್ನೂ ದಾಖಲಿಸಬೇಕು. ಕಾರ್ಖಾನೆಯನ್ನು ಬರಮಾಡಿಕೊಳ್ಳುವ ಹಳ್ಳಿಯ ಬಾವಿನೀರನ್ನೂ ಗಾಳಿಯನ್ನೂ ಮೊದಲೇ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸಭೆಯ ಮುಂದಿಡಬೇಕು. ಕೆಲಸದ ಶೆಡ್, ನೀರು, ತ್ಯಾಜ್ಯ ಸಂಸ್ಕರಣೆಗಳು ಸಿದ್ಧವಾದ ಬಳಿಕವೇ ತೆರವಿನ ನೋಟಿಸ್ ಹೊರಡಬೇಕು. ಈ ಕ್ರಮ ತಲೆಕೆಳಗಾದರೆ ನಷ್ಟವನ್ನು ಹೊರುವವರು, ಸ್ಥಳಾಂತರದ ನಿರ್ಧಾರದಲ್ಲಿ ಯಾವ ಪಾಲೂ ಇಲ್ಲದಿದ್ದವರೇ ಆಗಿರುತ್ತಾರೆ.