ಗಾಜಿನ ಫಲಕದಲ್ಲಿ ಜೀವರಕ್ಷಕರು

ಬಿರುಗಾಳಿಯೆದ್ದಾಗ ದಡದ ಜನರೆಲ್ಲ ಕದವಿಕ್ಕಿಕೊಂಡು ಮನೆಯೊಳಗೆ ಸೇರುವುದು ಲೋಕರೂಢಿ. ಆದರೆ ಅದೇ ಹೊತ್ತಿನಲ್ಲಿ, ಎಲ್ಲಿಯೋ ಒಂದು ಹಡಗು ಬಂಡೆಗೆ ಬಡಿಯಿತೆಂಬ ಕರೆ ಬಂದೊಡನೆ, ಮನೆಯಿಂದ ಹೊರಬಿದ್ದು ಕಡಲಿನ ಕಡೆಗೆ ಓಡುವ ಜನರೂ ಇದ್ದಾರೆ. ಬ್ರಿಟನ್ ಮತ್ತು ಐರ್ಲೆಂಡಿನ ಕರಾವಳಿಯುದ್ದಕ್ಕೂ ಇಂಥವರ ಜೀವರಕ್ಷಕ ದೋಣಿಗಳ ಠಾಣೆಗಳು ೨೩೮ ಇವೆ. ಅಲ್ಲಿನ ದೋಣಿಯಾಳುಗಳಲ್ಲಿ ಬಹುಮಂದಿ ಸಂಬಳ ಪಡೆಯುವವರಲ್ಲ. ತಮ್ಮ ತಮ್ಮ ಕಸುಬಿನಲ್ಲಿದ್ದುಕೊಂಡು, ಕರೆ ಬಂದಾಗ ಕೈಯಲ್ಲಿನ ಕೆಲಸವನ್ನು ಹಾಗೆಯೇ ಬಿಟ್ಟು ಬರುವ ಸ್ವಯಂಸೇವಕರು.

ಇಷ್ಟು ಠಾಣೆಗಳಿಗೂ ಒಂದೊಂದಾಗಿ ಹೋಗಿ, ಅಲ್ಲಿನ ದೋಣಿಯನ್ನೂ ಅದರ ಆಳುಗಳನ್ನೂ ಚಿತ್ರದಲ್ಲಿ ಹಿಡಿದಿಡಬೇಕೆಂಬ ಹಂಬಲ ಜ್ಯಾಕ್ ಲೋ ಎಂಬ ಇಂಗ್ಲಿಷ್ ಛಾಯಾಗ್ರಾಹಕರಿಗೆ ಹುಟ್ಟಿತು. ೨೦೧೫ರ ಜನವರಿಯಲ್ಲಿ ಅವರು ಈ ಕೆಲಸವನ್ನು ಕೈಗೊಂಡರು. ಚಿತ್ರವೊಂದನ್ನು ತೆಗೆಯಲು ಜೇಬಿನಲ್ಲಿನ ದೂರವಾಣಿಯೇ ಸಾಕೆನ್ನುವ ಈ ಕಾಲದಲ್ಲಿ ಅವರು ಆರಿಸಿಕೊಂಡ ವಿಧಾನವಾದರೋ ೧೮೫೧ರಷ್ಟು ಹಳೆಯದು: ಗಾಜಿನ ಮೇಲೆ ಒದ್ದೆ ಕೊಲೋಡಿಯನ್. ಸೇವೆಯಿಂದ ಬಿಡುಗಡೆಯಾದ ಒಂದು ಆಂಬುಲೆನ್ಸ್ ಗಾಡಿಯನ್ನು ಕೊಂಡು, ಅದನ್ನು ಸಂಚಾರಿ ಕತ್ತಲೆಕೋಣೆಯನ್ನಾಗಿ ಮಾರ್ಪಡಿಸಿ, ‘ನೀನಾ’ ಎಂದು ಹೆಸರಿಟ್ಟು, ಊರಿಂದೂರಿಗೆ ಹೊರಟರು. ಇದೇನು ಹಳತಿನ ಮೇಲಿನ ಬರಿಯ ವ್ಯಾಮೋಹವೇ? ನಾವು ಈ ವಿಧಾನದ ಒಳಗುಟ್ಟನ್ನು ಸ್ವಲ್ಪ ಪರಿಶೀಲಿಸಿದರೆ, ಶಾಲೆಯ ಪಾಠದಲ್ಲಿ ಬೇರೆ ಬೇರೆಯಾಗಿ ಕಲಿತ ಹಲವು ಸಂಗತಿಗಳು ಒಂದೆಡೆ ಸೇರುವುದನ್ನು ಕಾಣಬಹುದು.

ಒದ್ದೆ ಫಲಕವೆಂದರೇನು?

ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಿಂದ ಸಂಸ್ಕರಿಸಿ, ಅದನ್ನು ಈಥರ್ ಮತ್ತು ಆಲ್ಕೊಹಾಲುಗಳ ಮಿಶ್ರಣದಲ್ಲಿ ಕರಗಿಸಿದರೆ ಜೇನಿನಂತೆ ಹರಿಯುವ ಅಂಟುದ್ರವ ದೊರೆಯುತ್ತದೆ. ಅದೇ ಕೊಲೋಡಿಯನ್. ಅದರಲ್ಲಿ ಅಯೊಡೈಡ್ ಮತ್ತು ಬ್ರೋಮೈಡ್ ಲವಣಗಳನ್ನು ಬೆರೆಸಿ, ಚೊಕ್ಕಟವಾದ ಗಾಜಿನ ಮೇಲೆ ಸುರಿದು, ಫಲಕವನ್ನು ಅತ್ತಿತ್ತ ವಾಲಿಸಿದರೆ ತೆಳುವಾದ ಪೊರೆಯೊಂದು ಹರಡಿಕೊಳ್ಳುತ್ತದೆ. ಈ ಫಲಕವನ್ನು ಕತ್ತಲೆಯಲ್ಲಿ ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ಕೆಲವು ನಿಮಿಷ ಮುಳುಗಿಸಿಡಬೇಕು. ಆಗ ಪೊರೆಯೊಳಗೆ ಬೆಳ್ಳಿಯ ಅಯೊಡೈಡ್ ಮತ್ತು ಬ್ರೋಮೈಡುಗಳ ಸೂಕ್ಷ್ಮ ಹರಳುಗಳು ಮೂಡುತ್ತವೆ. ಗಾಜು ಬೆಳಕನ್ನು ‘ಕಾಣಬಲ್ಲ’ ವಸ್ತುವಾಗುತ್ತದೆ. ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬವರು ೧೮೫೧ರಲ್ಲಿ ಪ್ರಕಟಿಸಿದ ವಿಧಾನವಿದು.

ಇಲ್ಲಿಂದ ಮುಂದೆ ಛಾಯಾಗ್ರಾಹಕನಿಗೆ ಬಿಡುವಿಲ್ಲ. ಈಥರ್ ಬೇಗನೆ ಆವಿಯಾಗುವುದರಿಂದ ಪೊರೆ ಒಣಗತೊಡಗುತ್ತದೆ. ಒಣಗಿದ ಪೊರೆಯೊಳಕ್ಕೆ ವಿಕಾಸಕ ದ್ರಾವಣ ಇಳಿಯಲಾರದು. ಆದುದರಿಂದ ಸುಮಾರು ಹತ್ತು ನಿಮಿಷಗಳೊಳಗೆ ಫಲಕವನ್ನು ಕ್ಯಾಮೆರಾಕ್ಕೆ ಹಾಕಿ, ಬೆಳಕಿಗೊಡ್ಡಿ, ಮರಳಿ ಕತ್ತಲೆಕೋಣೆಗೆ ತಂದು, ಫೆರಸ್ ಸಲ್ಫೇಟ್ ದ್ರಾವಣದಿಂದ ವಿಕಾಸಗೊಳಿಸಿಬಿಡಬೇಕು. ಕತ್ತಲೆಕೋಣೆ ಕ್ಯಾಮೆರಾದ ಬದಿಯಲ್ಲಿಯೇ ಇರಬೇಕಾದ ಕಾರಣ ಇದು. ‘ನೀನಾ’ ಗಾಡಿ ಬೇಕಾದದ್ದೂ ಇದಕ್ಕಾಗಿಯೇ. ಲೋ ಅವರು ಬಳಸುವ ಫಲಕಗಳು ೧೨ ಅಂಗುಲ ಉದ್ದ, ೧೦ ಅಂಗುಲ ಅಗಲ. ಅವನ್ನು ಹಿಡಿಯುವ ಕ್ಯಾಮೆರಾವೂ ಅದಕ್ಕೆ ತಕ್ಕಂತೆ ಒಂದು ಪೆಟ್ಟಿಗೆಯಷ್ಟು ದೊಡ್ಡದು.

ಕೊನೆಯ ಹಂತ ನೋಡತಕ್ಕದ್ದು. ವಿಕಾಸವಾದ ಫಲಕದಲ್ಲಿ ಮೊದಲು ಹಾಲಿನಂಥ ಮಬ್ಬಿನ ನಡುವೆ ನೀಲಿಛಾಯೆಯ ವಿಲೋಮ ಚಿತ್ರ ಕಾಣುತ್ತದೆ. ಅದನ್ನು ಸ್ಥಿರೀಕರಣ ದ್ರಾವಣದಲ್ಲಿ ಮುಳುಗಿಸಿದರೆ, ಬೆಳಕು ತಾಗದ ಲವಣ ಕರಗಿಹೋಗಿ, ಮಬ್ಬು ಸರಿದು, ಮುಖಗಳು ಒಂದೊಂದಾಗಿ ಮೇಲೆದ್ದು ಬರುತ್ತವೆ. ಬೆಳಕು ಬಿದ್ದೆಡೆ ಉಳಿದ ಬೆಳ್ಳಿಯ ಕಣಗಳು ಬೆಳಕನ್ನು ಚದುರಿಸಿ ಬಿಳಿಚಾಗಿ ತೋರುತ್ತವೆ. ಬೀಳದೆಡೆ ಗಾಜು ಬರಿದಾಗಿದ್ದು, ಅದರ ಹಿಂದಿಟ್ಟ ಕರಿಯ ಹಿನ್ನೆಲೆ ನೆರಳಾಗಿ ತೋರುತ್ತದೆ. ಲೋ ಅವರು ಈ ಕ್ಷಣದಲ್ಲಿ ದೋಣಿಯಾಳುಗಳನ್ನು ಬಳಿಗೆ ಕರೆದು ತೋರಿಸುವುದುಂಟು. ಅಲೆಗಳ ನಡುವೆ ಎದೆಗುಂದದ ಗಂಡಸರೂ ಹೆಂಗಸರೂ ತಮ್ಮ ಮುಖವೇ ಗಾಜಿನಲ್ಲಿ ಮೂಡುವುದನ್ನು ಕಂಡು ಕಣ್ಣು ಒದ್ದೆಮಾಡಿಕೊಂಡದ್ದೂ ಉಂಟು.

ಕೆಂಪು ಕಪ್ಪಾಗುವುದೇಕೆ?

ಜೀವರಕ್ಷಕ ಸಂಸ್ಥೆಯ ದೊಡ್ಡ ದೋಣಿಗಳ ಒಡಲು ಕಡುನೀಲಿ, ಮೇಲಿನ ಕೋಣೆ ಕಿತ್ತಳೆ ಬಣ್ಣ. ಆಳುಗಳ ಹೊರಉಡುಪು ಹಳದಿ. ಕಡಲತೀರದಲ್ಲಿ ಈಜುವವರನ್ನು ಕಾಯುವ ಕಾವಲುಗಾರರ ಉಡುಪು ಮತ್ತು ಬಾವುಟಗಳು ಕೆಂಪು ಮತ್ತು ಹಳದಿ. ಬೂದು ಬಣ್ಣದ ನೀರು ಮತ್ತು ಮೋಡಗಳ ನಡುವೆ ದೂರದಿಂದಲೇ ಎದ್ದು ಕಾಣಲೆಂದು ಆರಿಸಿದ ಬಣ್ಣಗಳಿವು. ಆದರೆ ಒದ್ದೆ ಫಲಕದಲ್ಲಿ ಕಾಣುವುದು ಇದಕ್ಕೆ ತೀರ ತಿರುಗುಮುರುಗು: ಕಿತ್ತಳೆ, ಹಳದಿ, ಕೆಂಪು ಬಣ್ಣಗಳೆಲ್ಲ ಕಪ್ಪಿನತ್ತ ಸಾಗುತ್ತವೆ, ನೀಲಿ ತಿಳಿಯಾಗುತ್ತದೆ, ನೀಲಿ ಆಕಾಶ ಬರಿಯ ಬಿಳಿಯ ಹಾಳೆಯಾಗುತ್ತದೆ. ತಿಳಿನೀಲಿ ಕಣ್ಣುಗಳು ಬೆಳಗುತ್ತವೆ. ಬಿಸಿಲಿನಿಂದ ಚರ್ಮದಲ್ಲಿ ಮೂಡಿದ, ಬರಿಗಣ್ಣಿಗೆ ಅಷ್ಟಾಗಿ ತೋರದ ಚುಕ್ಕೆಗಳೂ ಸ್ಪಷ್ಟವಾಗಿ ಕಾಣಿಸುತ್ತವೆ.

ಇದರ ಕಾರಣವನ್ನು ಪ್ಲ್ಯಾಂಕ್ ಮತ್ತು ಐನ್‌ಸ್ಟೈನರು ನಮಗೆ ತಿಳಿಸಿಕೊಟ್ಟಿದ್ದಾರೆ. ಬೆಳಕು ಶಕ್ತಿಯ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ, ಎಂದರೆ ಫೋಟಾನುಗಳಾಗಿ ಬಂದು ಬೀಳುತ್ತದೆ. ಅಲೆಯುದ್ದ ಕಡಿಮೆಯಾದಷ್ಟೂ ಪೊಟ್ಟಣದ ಶಕ್ತಿ ಹೆಚ್ಚು. ೪೩೦ ನ್ಯಾನೊಮೀಟರ್ ಅಲೆಯುದ್ದದ ನೀಲಿ-ನೇರಳೆ ಫೋಟಾನಿನ ಶಕ್ತಿ ಸುಮಾರು ೨.೯ ಎಲೆಕ್ಟ್ರಾನ್-ವೋಲ್ಟ್, ೬೫೦ ನ್ಯಾನೊಮೀಟರಿನ ಕೆಂಪು ಫೋಟಾನಿನದು ಸುಮಾರು ೧.೯ ಮಾತ್ರ. ಬೆಳ್ಳಿಯ ಲವಣದ ಹರಳಿನಲ್ಲಿ ಎಲೆಕ್ಟ್ರಾನೊಂದನ್ನು ಅದರ ನೆಲೆಯಿಂದ ಬಿಡಿಸಲು ಸುಮಾರು ೨.೫ ಎಲೆಕ್ಟ್ರಾನ್-ವೋಲ್ಟಿಗೂ ಹೆಚ್ಚು ಶಕ್ತಿ ಬೇಕು. ನೀಲಿ ಫೋಟಾನು ಒಂದೇ ಬಂದರೂ ಕೆಲಸವಾದೀತು; ಕೆಂಪು ಫೋಟಾನುಗಳು ಎಷ್ಟು ಬಂದರೂ ಎಲೆಕ್ಟ್ರಾನು ಕದಲದು. ಎತ್ತರದ ಗೋಡೆಯನ್ನು ಹಾರಲು ಒಬ್ಬ ಬಲಶಾಲಿ ಸಾಕು. ಗಿಡ್ಡ ನೆಗೆತದವರು ನೂರು ಮಂದಿ ಬಂದರೂ ಯಾರೊಬ್ಬರೂ ದಾಟಲಾರರಷ್ಟೆ. ಕತ್ತಲೆಕೋಣೆಯಲ್ಲಿ ಕೆಂಪು ದೀಪವನ್ನು ನಿರಾತಂಕವಾಗಿ ಉರಿಸಬಹುದಾದದ್ದೂ ಈ ಕಾರಣದಿಂದಲೇ. ಲವಣಕ್ಕೆ ತಕ್ಕ ವರ್ಣದ್ರವ್ಯವನ್ನು ಬೆರೆಸಿದರೆ ಅದು ಹಸಿರನ್ನೂ ಹಳದಿಯನ್ನೂ ಕಾಣಬಲ್ಲದೆಂಬುದನ್ನು ಹರ್ಮನ್ ಫೋಗೆಲ್ ಎಂಬ ಜರ್ಮನ್ ವಿಜ್ಞಾನಿ ೧೮೭೩ರಲ್ಲಿ ಕಂಡುಕೊಂಡ ಮೇಲೆ ಈ ಕೊರತೆ ಕ್ರಮೇಣ ನೀಗಿತು.

ಇದನ್ನು ನಮ್ಮ ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಕಡುನೀಲಿ ಬಣ್ಣದ ಪಾರದರ್ಶಕ ಕಾಗದವನ್ನು ದೂರವಾಣಿಯ ಕ್ಯಾಮೆರಾದ ಮುಂದೆ ಹಿಡಿದು ಟೊಮೇಟೊ, ನಿಂಬೆಹಣ್ಣು ಮತ್ತು ನೀಲಿ ಬಟ್ಟೆಯೊಂದರ ಚಿತ್ರ ತೆಗೆದು, ಆ ಚಿತ್ರವನ್ನು ಕಪ್ಪುಬಿಳುಪಿಗೆ ಬದಲಾಯಿಸಬೇಕು. ಒದ್ದೆ ಫಲಕ ಲೋಕವನ್ನು ಹೇಗೆ ಕಾಣುತ್ತದೆಂಬುದರ ಅಂದಾಜು ಆಗ ದೊರೆಯುತ್ತದೆ.

ಅಲುಗದ ಕಡಲು

ಒದ್ದೆ ಫಲಕದ ಇನ್ನೊಂದು ಗುಣ ಅದರ ನಿಧಾನ. ಸಾಮಾನ್ಯ ಕ್ಯಾಮೆರಾ ಒಳ್ಳೆಯ ಬಿಸಿಲಿನಲ್ಲಿ ಒಂದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಪಡೆಯುವ ಚಿತ್ರಕ್ಕೆ, ಅದೇ ರಂಧ್ರಗಾತ್ರದಲ್ಲಿ, ಈ ಫಲಕಕ್ಕೆ ಒಂದು ಸೆಕೆಂಡಿನಷ್ಟು ಕಾಲ ಬೇಕು; ಮೋಡವಿದ್ದರೆ ಹಲವು ಸೆಕೆಂಡುಗಳೇ ಬೇಕು. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ೨೦೧೩ರಲ್ಲಿ ಸೇವೆಗೆ ಬಂದ ‘ಶ್ಯಾನನ್’ ವರ್ಗದ ಜೀವರಕ್ಷಕ ದೋಣಿಯ ಉದ್ದ ೧೩.೬ ಮೀಟರ್, ವೇಗ ಗಂಟೆಗೆ ೨೫ ನಾವಿಕ ಮೈಲಿ. ಒಂದು ನಾವಿಕ ಮೈಲಿ ೧,೮೫೨ ಮೀಟರ್ ಆದುದರಿಂದ, ಈ ದೋಣಿ ಒಂದು ಸೆಕೆಂಡಿಗೆ ಸುಮಾರು ೧೩ ಮೀಟರ್, ಎಂದರೆ ಹೆಚ್ಚುಕಡಮೆ ತನ್ನ ಉದ್ದದಷ್ಟೇ ದೂರ ಸಾಗುತ್ತದೆ. ಒದ್ದೆ ಫಲಕದಲ್ಲಿ ಅದರ ಗುರುತು ಬರಿಯ ಹೊಗೆಯ ಗೀಟಾದೀತು. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಚಿತ್ರ ಹಿಡಿಯುವ ಇಂದಿನ ಕ್ಯಾಮೆರಾದ ಮುಂದೆ ಅದೇ ದೋಣಿ ಸರಿಯುವುದು ೧೩ ಮಿಲಿಮೀಟರ್ ಮಾತ್ರ. ಆದುದರಿಂದಲೇ ಅಲೆಯ ನೆತ್ತಿಯಿಂದ ಚಿಮ್ಮುವ ದೋಣಿಯ ಹನಿಹನಿ ನೀರೂ ಅದರಲ್ಲಿ ಬಿಡಿಬಿಡಿಯಾಗಿ ಕಾಣಿಸುತ್ತದೆ.

ಹೀಗಾಗಿ ಒದ್ದೆ ಫಲಕದ ಚಿತ್ರಕ್ಕೆ ದೋಣಿ ದಡದಲ್ಲಿ ನೆಲೆಯಾಗಿ ನಿಲ್ಲಬೇಕು, ಆಳುಗಳು ಅಲುಗದೆ ನಿಲ್ಲಬೇಕು. ಹಿಂದಿನ ಕಡಲು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಏರಿಳಿಯುವ ಅಲೆಗಳ ಹಲವು ಸೆಕೆಂಡುಗಳ ಬೆಳಕು ಒಂದರ ಮೇಲೊಂದು ಬಿದ್ದು, ಅವುಗಳ ಸರಾಸರಿ ಮಾತ್ರ ಉಳಿಯುತ್ತದೆ. ನೀರು ಮಂಜಿನಂತೆ ನಯವಾಗಿ, ಶಾಂತವಾಗಿ ತೋರುತ್ತದೆ. ಕಡಲಿನ ಉಗ್ರತೆಯೆಲ್ಲ ಅಳಿಸಿಹೋಗಿ, ಅದನ್ನು ಎದುರಿಸುವ ಮನುಷ್ಯರ ಮುಖಗಳು ಮಾತ್ರ ಸ್ಪಷ್ಟವಾಗಿ ನಿಲ್ಲುತ್ತವೆ.

ತೇಲುವ ವಿದ್ಯೆ

ಈ ಸಂಸ್ಥೆಯ ಹೆಸರು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್ ಊರಿನಲ್ಲಿ ನೆಲೆಸಿದ್ದ ಸರ್ ವಿಲಿಯಂ ಹಿಲರಿಯವರು ತಮ್ಮ ಕಣ್ಣಮುಂದೆಯೇ ಹಡಗುಗಳು ಒಡೆಯುವುದನ್ನು ಕಂಡು ನೊಂದು, ದೇಶದ ಜನರಿಗೆ ಮೊರೆಯಿಟ್ಟುದರ ಫಲವಾಗಿ ೧೮೨೪ರ ಮಾರ್ಚ್ ೪ರಂದು ಇದು ಸ್ಥಾಪನೆಯಾಯಿತು. ಇಂದಿಗೂ ಮುಖ್ಯವಾಗಿ ಜನರ ದಾನದಿಂದ ನಡೆಯುತ್ತಿರುವ ಈ ಸಂಸ್ಥೆ ಮೊದಲ ಇನ್ನೂರು ವರ್ಷಗಳಲ್ಲಿ ಉಳಿಸಿದ ಜೀವಗಳು ೧,೪೪,೦೦೦ಕ್ಕೂ ಹೆಚ್ಚು.

ಆ ಆಳುಗಳ ಮೈಮೇಲಿನ ತೇಲುಗವಚಕ್ಕೂ ಒಂದು ಕಥೆಯಿದೆ. ೧೮೫೪ರಲ್ಲಿ ಸಂಸ್ಥೆಯ ಕ್ಯಾಪ್ಟನ್ ವಾರ್ಡ್ ಎಂಬವರು ಕಾರ್ಕಿನ ತುಂಡುಗಳನ್ನು ಬಟ್ಟೆಗೆ ಹೊಲಿದು ಕವಚವೊಂದನ್ನು ರಚಿಸಿದರು. ಕಾರ್ಕಿನ ಸಾಂದ್ರತೆ ನೀರಿನ ಸುಮಾರು ಕಾಲುಭಾಗ. ಒಂದು ಕಿಲೋಗ್ರಾಂ ಕಾರ್ಕ್ ಪೂರ್ತಿ ಮುಳುಗಿದರೆ ನಾಲ್ಕು ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಆರ್ಕಿಮಿಡೀಸನ ತತ್ತ್ವದಂತೆ ಅದರ ಮೇಲಿನ ನೂಕು ನಾಲ್ಕು ಕಿಲೋಗ್ರಾಂ ತೂಕದಷ್ಟು. ಕಾರ್ಕಿನ ಸ್ವಂತ ತೂಕವನ್ನು ಕಳೆದರೆ ಮನುಷ್ಯನನ್ನು ಎತ್ತಿಹಿಡಿಯಲು ಮೂರು ಕಿಲೋಗ್ರಾಂ ಉಳಿಯುತ್ತದೆ. ನಮ್ಮ ಶರೀರದ ಸಾಂದ್ರತೆ ನೀರಿನದಕ್ಕೆ ಬಹುಮಟ್ಟಿಗೆ ಸಮವಾದುದರಿಂದ, ಮೂಗುಬಾಯಿಗಳನ್ನು ನೀರಿನ ಮೇಲಿಡಲು ಇಂಥ ಅಲ್ಪ ನೆರವೇ ದೊಡ್ಡದು. ೧೮೬೧ರ ಫೆಬ್ರವರಿ ೯ರಂದು ವಿಟ್ಬಿ ಎಂಬಲ್ಲಿ ಒಂದೇ ದಿನ ಮತ್ತೆ ಮತ್ತೆ ಕಡಲಿಗಿಳಿದು ಜನರನ್ನು ಉಳಿಸುತ್ತಿದ್ದ ದೋಣಿ ಕೊನೆಯ ಸಲ ಮಗುಚಿತು. ಹದಿಮೂರು ಆಳುಗಳಲ್ಲಿ ಹನ್ನೆರಡು ಮಂದಿ ಸತ್ತರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಕಾರ್ಕ್ ಕವಚವನ್ನು ತೊಟ್ಟಿದ್ದವನೂ ಅವನೊಬ್ಬನೇ. ಆ ಕವಚವನ್ನು ತೊಟ್ಟು ನಿಂತ ಅವನ ಛಾಯಾಚಿತ್ರ ಇಂದಿಗೂ ಉಳಿದಿದೆ.

ಇಂದಿನ ದೊಡ್ಡ ದೋಣಿಗಳು ಮಗುಚಿದರೂ ಕೆಲವೇ ಸೆಕೆಂಡುಗಳಲ್ಲಿ ತಾವಾಗಿಯೇ ನೆಟ್ಟಗಾಗುತ್ತವೆ. ತಂಜಾವೂರು ಬೊಂಬೆಯನ್ನು ಎಷ್ಟು ಉರುಳಿಸಿದರೂ ಎದ್ದು ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿಯೂ ಅದೇ ಸೂತ್ರ: ಭಾರವಾದ ಯಂತ್ರಗಳನ್ನು ತಳದಲ್ಲಿಟ್ಟು ಗುರುತ್ವಕೇಂದ್ರವನ್ನು ಕೆಳಗಿಳಿಸಿದ್ದಾರೆ, ಮೇಲಿನ ಕೋಣೆಯನ್ನು ನೀರು ನುಗ್ಗದಂತೆ ಬಿಗಿದು ಗಾಳಿಯ ಬುರುಡೆಯಂತೆ ಮಾಡಿದ್ದಾರೆ. ದೋಣಿ ತಲೆಕೆಳಗಾದಾಗ ಗಾಳಿ ಕೆಳಗೆ, ಭಾರ ಮೇಲೆ. ಅಂಥ ಸ್ಥಿತಿ ಅಸ್ಥಿರ. ಕೊಂಚ ವಾಲಿದರೂ ಸಾಕು, ಭಾರ ಕೆಳಕ್ಕೂ ಗಾಳಿ ಮೇಲಕ್ಕೂ ತಿರುಗಿ ದೋಣಿ ಎದ್ದುನಿಲ್ಲುತ್ತದೆ.

ಚಿತ್ರದ ಬೆಲೆ

ವಿಜ್ಞಾನ ಅಪಾಯವನ್ನು ತಗ್ಗಿಸಿದೆ, ಇಲ್ಲವಾಗಿಸಿಲ್ಲ. ೧೯೮೧ರ ಡಿಸೆಂಬರ್ ೧೯ರ ರಾತ್ರಿ ಕಾರ್ನ್‌ವಾಲ್ ಕರಾವಳಿಯಲ್ಲಿ ‘ಯೂನಿಯನ್ ಸ್ಟಾರ್’ ಎಂಬ ಹಡಗಿನ ಯಂತ್ರ ನಿಂತುಹೋಯಿತು. ಗಾಳಿಯ ವೇಗ ಗಂಟೆಗೆ ೯೦ ನಾವಿಕ ಮೈಲಿಯನ್ನು ಮುಟ್ಟುತ್ತಿತ್ತು. ಅಲೆಗಳು ೧೮ ಮೀಟರ್ ಎತ್ತರಕ್ಕೆ ಏಳುತ್ತಿದ್ದವು. ಪೆನ್ಲೀ ಠಾಣೆಯಿಂದ ‘ಸಾಲೊಮನ್ ಬ್ರೌನ್’ ಎಂಬ ಮರದ ದೋಣಿ ಎಂಟು ಸ್ವಯಂಸೇವಕರೊಡನೆ ಹೊರಟಿತು. ತಂದೆಯೊಬ್ಬ ದೋಣಿಯೇರಿದ್ದರಿಂದ, ತಾನೂ ಬರುವೆನೆಂದ ಮಗನನ್ನು ನಾಯಕನು ದಡದಲ್ಲಿಯೇ ನಿಲ್ಲಿಸಿದನು. ಒಂದು ಮನೆಯಿಂದ ಒಬ್ಬನೇ ಸಾಕೆಂಬುದು ಅವನ ನಿಲುವು. ದೋಣಿ ನಾಲ್ವರನ್ನು ಹಡಗಿನಿಂದ ಎತ್ತಿಕೊಂಡಿತೆಂದು ರೇಡಿಯೊ ತಿಳಿಸಿತು. ಆಮೇಲೆ ಸುದ್ದಿಯಿಲ್ಲ. ಎರಡೂ ನೌಕೆಗಳಲ್ಲಿದ್ದ ಹದಿನಾರು ಮಂದಿಯೂ ಸತ್ತರು. ದೋಣಿಯ ಎಂಟು ಮಂದಿಯೂ ಮೌಜಲ್ ಎಂಬ ಒಂದೇ ಹಳ್ಳಿಯ ಕಡೆಯವರು. ಒಂದು ದಿನ ಕಳೆಯುವುದರೊಳಗೆ ಅದೇ ಹಳ್ಳಿಯಿಂದ ಹೊಸ ತಂಡಕ್ಕೆ ಬೇಕಾದಷ್ಟು ಜನ ಮುಂದೆ ಬಂದರು.

ಇದನ್ನು ನೆನೆದಾಗ ಗಾಜಿನ ಮೇಲಿನ ಈ ಚಿತ್ರಗಳ ಅರ್ಥ ನಮಗೆ ತಿಳಿಯುತ್ತದೆ. ಒದ್ದೆ ಫಲಕದ ಚಿತ್ರ ಒಂದೇ ಒಂದು. ಆ ವ್ಯಕ್ತಿಯ ಮುಖಕ್ಕೆ ತಾಗಿ ಮರಳಿದ ಬೆಳಕೇ ಆ ಗಾಜಿನ ಮೇಲೆ ಬಿದ್ದು, ಅಲ್ಲಿನ ಬೆಳ್ಳಿಯನ್ನು ಬಿಡಿಸಿದೆ. ಮೇಲೆ ರಾಳದ ವಾರ್ನಿಷ್ ಲೇಪಿಸಿ ಜೋಪಾನ ಮಾಡಿದರೆ ಅದು ಶತಮಾನಗಳನ್ನು ದಾಟಬಲ್ಲದು. ನೂರೈವತ್ತು ವರ್ಷ ಹಿಂದಿನ ಇಂಥ ಫಲಕಗಳು ಇಂದಿಗೂ ಕಾಂತಿಗುಂದದೆ ಉಳಿದಿವೆ. ಮುಂದಿನ ಕರೆಗೆ ಹೋದವರು ಮರಳುವರೆಂಬ ಭರವಸೆಯನ್ನು ಯಾವ ಲೆಕ್ಕವೂ ಕೊಡಲಾರದು. ಅವರು ದಡದಲ್ಲಿದ್ದ ಒಂದು ಹಗಲು, ಕೆಲವು ಸೆಕೆಂಡುಗಳ ಕಾಲ ಉಸಿರು ಬಿಗಿಹಿಡಿದು ನಿಂತಿದ್ದರೆಂಬುದಕ್ಕೆ ಮಾತ್ರ ಬೆಳ್ಳಿಯ ಕಣಗಳು ಸಾಕ್ಷಿಯಾಗಿ ಉಳಿಯುತ್ತವೆ.