ಹಳದಿ ಮಾಸಿದರೂ ಗಂಡು ಗಂಡೇ

ಶೀಗಿ ಹುಣ್ಣಿಮೆ ಕಳೆದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ನೆಲೋಗಿ ಸೀಮೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಮೇಲೇಳುತ್ತಿರುತ್ತದೆ. ಬದುವಿನ ಜಾಲಿಗಿಡದಲ್ಲಿ ಗೀಜಗನ ಗೂಡುಗಳು ಒಣಗಿ ತೂಗುತ್ತಿರುತ್ತವೆ. ಅವನ್ನು ಹೆಣೆದ ಹಳದಿ ತಲೆಯ ಹಕ್ಕಿ ಮಾತ್ರ ಎಲ್ಲೂ ಕಾಣುವುದಿಲ್ಲ. ಸಜ್ಜಿ ಕೊಯ್ದ ಹೊಲದ ಕೂಳೆಯಲ್ಲಿ ಕಾಳು ಆಯುವ ಹಿಂಡು ಪೂರ್ತಿ ಕಂದು. “ಇವೆಲ್ಲಾ ಹೆಣ್ಣು. ಗಂಡು ಮರಿ ಮಾಡಿ ಹಾರಿ ಹೋಗ್ಯಾವ” ಎನ್ನುವ ಮಾತನ್ನು ಹೊಲದಲ್ಲೇ ನಿಂತು ಕೇಳಿದ್ದೇನೆ. ಬಹಳ ವರ್ಷ ನಾನೂ ಅದನ್ನೇ ನಂಬಿದ್ದೆ.

ಗಂಡು ಎಲ್ಲಿಗೂ ಹೋಗಿಲ್ಲ. ಆ ಕಂದು ಹಿಂಡಿನೊಳಗೇ ಇದೆ. ಮಳೆಗಾಲದಲ್ಲಿ ಗೂಡು ಕಟ್ಟುವಾಗ ಗಂಡು ಗೀಜಗದ ನೆತ್ತಿ ಅರಿಸಿನ ಹಚ್ಚಿದಂತಿರುತ್ತದೆ, ಕೆನ್ನೆಯ ಮೇಲೆ ಕಡುಗಂದು ಮುಖವಾಡ, ಕೊಕ್ಕು ಹೆಚ್ಚುಕಮ್ಮಿ ಕಪ್ಪು. ಮರಿ ಮಾಡುವ ಕಾಲ ಮುಗಿದ ಮೇಲೆ ಅದು ಹಳೆಯ ಗರಿ ಉದುರಿಸಿ ಹೊಸದನ್ನು ತೊಡುತ್ತದೆ. ಹೊಸ ಗರಿಗೆ ಹಳದಿಯಿಲ್ಲ. ಗೀರುಗೀರಾದ ಕಂದು ಬೆನ್ನು, ಕಣ್ಣಿನ ಮೇಲೊಂದು ಮಸುಕು ಹುಬ್ಬು, ತಿಳಿಬಣ್ಣದ ಕೊಕ್ಕು, ಥೇಟ್ ಹೆಣ್ಣಿನಂತೆಯೇ. ಅಕ್ಟೋಬರ್ ತಿಂಗಳಲ್ಲಿ ಹಿಂಡನ್ನು ದುರ್ಬೀನಿನಲ್ಲಿ ತಾಳ್ಮೆಯಿಂದ ನೋಡಿ. ನೆತ್ತಿಯಲ್ಲಿ ನಾಲ್ಕಾರು ಹಳದಿ ಗರಿ ಇನ್ನೂ ಉಳಿದ, ತೇಪೆ ಹಾಕಿದಂತಿರುವ ಹಕ್ಕಿಯೊಂದು ಸಿಕ್ಕರೆ ಅದು ಖಚಿತವಾಗಿ ಗಂಡು. ಆ ಕೊನೆಯ ಗರಿಯೂ ಉದುರಿದ ಮೇಲೆ ಬಣ್ಣ ನೋಡಿ ಗಂಡು ಹೆಣ್ಣು ಹೇಳುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಗಂಡು ತುಸು ದೊಡ್ಡದು ನಿಜ, ಆದರೆ ಆ ವ್ಯತ್ಯಾಸ ಹಾರುವ ಹಿಂಡಿನಲ್ಲಿ ಕಣ್ಣಳತೆಗೆ ಸಿಗುವಂಥದ್ದಲ್ಲ.

ಈ ಬಣ್ಣದಾಟದ ಹಿಂದೆ ಇನ್ನೊಂದು ಸೋಜಿಗವಿದೆ. ಗೀಜಗದ ಕುಟುಂಬದ ಹಕ್ಕಿಗಳಲ್ಲಿ ಗರಿಯ ಬಣ್ಣವನ್ನೂ ಕೊಕ್ಕಿನ ಬಣ್ಣವನ್ನೂ ಒಂದೇ ಹಾರ್ಮೋನ್ ಆಳುವುದಿಲ್ಲ. ಮದುವಣಿಗನ ಗರಿ ಮೂಡುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ರಸದೂತದಿಂದ. ಕೊಕ್ಕು ಕಪ್ಪಾಗುವುದು ವೃಷಣದ ಟೆಸ್ಟೋಸ್ಟೆರಾನ್‌ನಿಂದ.

ಅದೇ ಜಾಲಿಗಿಡದಲ್ಲಿ ಬಾಯಿ ತೆರೆದ ಟೋಪಿಯಂಥ ಅರ್ಧ ಗೂಡುಗಳೂ ಇರುತ್ತವೆ. ಅದು ಗಂಡು ಕೂತು ತೂಗಿಕೊಳ್ಳುವ ಜೋಕಾಲಿ ಎನ್ನುತ್ತಾರೆ. ಅದು ಜೋಕಾಲಿಯಲ್ಲ, ಒಪ್ಪಿಗೆ ಸಿಗದ ಮನೆ. 1930ರಲ್ಲಿ ಮಹಾರಾಷ್ಟ್ರದ ಕಿಹೀಮಿನಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಗೀಜಗಗಳನ್ನು ದಿನಗಟ್ಟಲೆ ನೋಡಿ ಇದನ್ನು ಬಿಡಿಸಿಟ್ಟರು. ಗಂಡು ಟೋಪಿಯ ಮಟ್ಟಕ್ಕೆ ಹೆಣೆದು, ಕೆಳಗೆ ಜೋತುಬಿದ್ದು ರೆಕ್ಕೆ ಬಡಿಯುತ್ತ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು, ಒಳಹೊಕ್ಕು, ಎಳೆದು ನೋಡಿ ಮೆಚ್ಚಿದರೆ ಮಾತ್ರ ಮೊಟ್ಟೆಯ ಕೋಣೆಯೂ ಕೊಳವೆಯೂ ಮುಗಿಯುತ್ತವೆ. ಆಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡಿಗೆ, ಇನ್ನೊಂದು ಹೆಣ್ಣಿಗೆ ಕೈ ಹಾಕುತ್ತದೆ. ಹೆಣ್ಣು ಮೆಚ್ಚದೆ ಹೋದದ್ದು ಹಾಗೇ ಅರ್ಧಕ್ಕೆ ಉಳಿಯುತ್ತದೆ.

ಮನೆಯಂಗಳದ ಗುಬ್ಬಿಯ ವಿಷಯದಲ್ಲಿ ತಪ್ಪು ಬೇರೆ ಥರದ್ದು. ಗಂಟಲು ಕಪ್ಪಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು ಎಂದು ಶಾಲೆಯಲ್ಲೂ ಹೇಳಿಕೊಡುತ್ತಾರೆ. ಹೊಸ ಗರಿ ತೊಟ್ಟ ಗಂಡು ಗುಬ್ಬಿಯ ಗಂಟಲ ಕಪ್ಪಿನ ಮೇಲೆ ಬೂದು ಅಂಚಿನ ತೆಳು ಪರದೆ ಇರುತ್ತದೆ. ಒಂದೊಂದು ಗರಿಯೂ ಬುಡದಲ್ಲಿ ಕಪ್ಪು, ತುದಿಯಲ್ಲಿ ಬೂದು. ದಿನ ಕಳೆದಂತೆ ಆ ತುದಿ ಸವೆದು ಉದುರುತ್ತದೆ, ಅಡಗಿದ್ದ ಕಪ್ಪು ಹೊರಬರುತ್ತದೆ. ಇಲ್ಲಿ ಬಣ್ಣ ಹೊಸದಾಗಿ ಮೂಡಿದ್ದಲ್ಲ, ಸವೆತದಿಂದ ತೆರೆದುಕೊಂಡದ್ದು. ಆದ್ದರಿಂದ ಗಂಟಲು ಬಿಟ್ಟು ತಲೆ ನೋಡಿ. ಬೂದು ನೆತ್ತಿ, ಅದರ ಎರಡೂ ಬದಿ ಇಟ್ಟಿಗೆಗಂದು ಪಟ್ಟಿ ಇದ್ದರೆ ಯಾವ ತಿಂಗಳಾದರೂ ಗಂಡು. ಕಂದು ನೆತ್ತಿ, ಕಣ್ಣ ಹಿಂದೆ ತಿಳಿ ಹುಬ್ಬು ಇದ್ದರೆ ಹೆಣ್ಣು, ಇಲ್ಲವೇ ಮರಿ.

ಫಿಂಚ್ ಎಂದು ಸಾಕುವವರು ಕರೆಯುವ ಪುಟ್ಟ ರಾಟವಾಳಗಳು ಭೀಮಾ ನದಿಯ ದಡದ ಆಪು, ಜೇಕು, ಕಬ್ಬಿನ ಸಾಲುಗಳಲ್ಲಿ ತಿರುಗುತ್ತವೆ. ಕೆಂಪು ರಾಟವಾಳದ ಗಂಡು ಬೆದೆಗಾಲದಲ್ಲಿ ಕೆಂಡದಂತೆ ಕೆಂಪು, ಮೈಮೇಲೆ ಅಕ್ಷತೆ ಚೆಲ್ಲಿದಂತೆ ಬಿಳಿ ಚುಕ್ಕೆ. ಎಲ್ಲಾದರೂ ಕೆಂಪು ಕಂಡರೆ ಗಂಡು ಎನ್ನುವುದು ತಪ್ಪು. ಹೆಣ್ಣಿಗೂ ಕೆಂಪು ಕೊಕ್ಕಿದೆ, ಸೊಂಟದ ಮೇಲ್ಭಾಗವೂ ಕೆಂಪು. ಬೆದೆ ಮುಗಿದಾಗ ಗಂಡು ಕೂಡ ಇದೇ ಮಬ್ಬು ವೇಷಕ್ಕೆ ಇಳಿಯುತ್ತದೆ. ರಾಟವಾಳಗಳ ಬಳಗದಲ್ಲಿ ಹೀಗೆ ವೇಷ ಕಳಚುವುದು ಬಲು ಅಪರೂಪ.

ಚುಕ್ಕೆ ರಾಟವಾಳದಲ್ಲಿ ಎದೆಯ ಮೇಲೆ ಮೀನಿನ ಹುರುಪೆಯಂಥ ಚುಕ್ಕೆಯಿದ್ದರೆ ಗಂಡು, ಬರೀ ಕಂದಾದರೆ ಹೆಣ್ಣು ಎಂದು ಹೇಳುವವರಿದ್ದಾರೆ. ಬರೀ ಕಂದಾದದ್ದು ಆ ವರ್ಷದ ಮರಿ. ದೊಡ್ಡವಾದ ಮೇಲೆ ಗಂಡು ಹೆಣ್ಣು ಎರಡಕ್ಕೂ ಚುಕ್ಕೆ ಬರುತ್ತದೆ. ಹಾಡುವುದು ಗಂಡು, ಗುರುತು ಅದೊಂದೇ. ಇದೇ ಪಾಪದ ಹಕ್ಕಿಗಳಿಗೆ ಹಸಿರು, ಕೆಂಪು ಬಣ್ಣ ಬಳಿದು ಪಂಜರದಲ್ಲಿ ಮಾರುತ್ತಾರೆ. ಬಣ್ಣದ್ದು ಗಂಡೂ ಅಲ್ಲ, ಬೇರೆ ಜಾತಿಯೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವನ್ನು ಹಿಡಿಯುವುದೂ ಮಾರುವುದೂ ಅಪರಾಧ. ದಯವಿಟ್ಟು ಕೊಳ್ಳಬೇಡಿ.

ಜೋಳ ತೆನೆಗಟ್ಟುವಾಗ ಪಶ್ಚಿಮ ಏಷ್ಯಾ ಕಡೆಯಿಂದ ಕರಿತಲೆಯ ಬಂಟಿಂಗ್‌ಗಳು ಬಂದಿಳಿದಿರುತ್ತವೆ. ಕರಿತಲೆ ಎಂಬ ಹೆಸರು ಕೇಳಿ ಹುಡುಕಿದರೆ ನಿರಾಸೆಯೇ. ಗಂಡಿನ ತಲೆಯ ಕಪ್ಪಿನ ಮೇಲೂ ಗುಬ್ಬಿಯ ಗಂಟಲಿನಂತೆಯೇ ಮಸುಕು ಅಂಚು ಕವಿದಿರುತ್ತದೆ. ಎಳ್ಳಮಾಸಿ ದಾಟಿ, ಸೀತನಿ ತಿಂದು, ರಾಶಿ ಮುಗಿಯುತ್ತ ಬಂದ ಹಾಗೆ ಆ ಅಂಚು ಸವೆಯುತ್ತದೆ. ಹಕ್ಕಿಗಳು ತವರಿಗೆ ಹೊರಡುವ ಮಾರ್ಚ್ ಹೊತ್ತಿಗೆ ಕೊನೆಯ ದಂಟುಗಳ ಮೇಲೆ ಕೂತ ಗಂಡಿನ ತಲೆ ಕಾಡಿಗೆಯಷ್ಟು ಕಪ್ಪಾಗಿರುತ್ತದೆ, ಹೊಟ್ಟೆ ಹೊಳೆಯುವ ಹಳದಿ.